ಸರಿಯುತ್ತರಕ್ಕೆ ಸೊನ್ನೆ

ಸುಳ್ಯದ ಹತ್ತಿರದ ಮಂಡೆಕೋಲಿನ ಸರಕಾರಿ ಶಾಲೆಯಲ್ಲಿ ಏಳನೆಯವರೆಗೂ ಭವಿತಾಳೇ ತರಗತಿಗೆ ಮೊದಲು. ಅವಳ ಅಪ್ಪ ಕುಕ್ಕಪ್ಪ ಐದನೆಗೇ ಶಾಲೆ ಬಿಟ್ಟವರು, ಬೇರೆಯವರ ತೋಟದಲ್ಲಿ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುವವರು. ಎಂಟನೆಗೆ ಮಗಳನ್ನು ಪುತ್ತೂರಿನಲ್ಲಿ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟರು. ಅಲ್ಲಿ ಕನ್ನಡ ಮಾಧ್ಯಮ ಹಿಂದಿನ ವರ್ಷವೇ ನಿಂತಿತ್ತು, ಸೇರುವ ಮಕ್ಕಳೇ ಇರಲಿಲ್ಲ. "ಮೂರು ತಿಂಗಳಲ್ಲಿ ಇಂಗ್ಲಿಷ್ ಅಭ್ಯಾಸ ಆಗ್ತದೆ" ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹೇಳಿದ್ದನ್ನು ಅಪ್ಪ, ಮಗಳು ಇಬ್ಬರೂ ನಂಬಿದರು.

ಅಭ್ಯಾಸ ಆಗಲಿಲ್ಲ. ಗೇಟಿನ ಒಳಗೆ ಇಂಗ್ಲಿಷೇ ಮಾತಾಡಬೇಕು. ಮೊದಲ ವಾರ ಗಣಿತದ ಟೀಚರ್ ಏನೋ ಕೇಳಿದಾಗ ಗಾಬರಿಯಲ್ಲಿ ಮನೆಯ ಅರೆಭಾಷೆಯೇ ಬಾಯಿಗೆ ಬಂತು. ಗೊತ್ತಿಲ್ಲ ಎನ್ನಲು "ನಂಗೆ ಗೊತ್ಲೆ" ಎಂದಳು. ಇಡೀ ಕ್ಲಾಸ್ ನಕ್ಕಿತು. ಡೈರಿಯಲ್ಲಿ ಕೆಂಪು ಶಾಯಿಯ ಒಂದು ಸಾಲು ಬಂತು. ಅದರ ಅರ್ಥವನ್ನೂ ಪಕ್ಕದ ಜುಮಾನಾಳ ಹತ್ತಿರ ಕೇಳಬೇಕಾಯಿತು. ಕಬಕದಿಂದ ಬಸ್ಸಿನಲ್ಲಿ ಬರುತ್ತಿದ್ದ ಜುಮಾನಾ ಎಲ್‌ಕೆಜಿಯಿಂದಲೇ ಇಂಗ್ಲಿಷಿನಲ್ಲಿ ಕಲಿತವಳು. ಮಧ್ಯಾಹ್ನ ಕೈ ತೊಳೆಯುವ ನಳ್ಳಿಯ ಹತ್ತಿರ ಪಾಠದ ಅರ್ಥವನ್ನು ಕನ್ನಡದಲ್ಲಿ, ಸಣ್ಣ ಸ್ವರದಲ್ಲಿ ಹೇಳಿಕೊಡುತ್ತಿದ್ದಳು. ಭವಿತಾ ಆ ಪಾಠವನ್ನು ಇಂಗ್ಲಿಷಿನಲ್ಲಿ ಪುಟಕ್ಕೆ ಪುಟ ಬಾಯಿಪಾಠ ಮಾಡುತ್ತಿದ್ದಳು. ಒಂದು ಶಬ್ದ ಮರೆತರೆ ಮುಂದಿನದೆಲ್ಲ ಹೋಯಿತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದ ದಿನ ಹಾಗೇ ಆಯಿತು. ಹಾಲು ಹೇಗೆ ಮೊಸರಾಗುತ್ತದೆ, ಕಳೆ ಯಾಕೆ ಕೀಳಬೇಕು, ಗೊಬ್ಬರದಿಂದ ಮಣ್ಣಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗಳು. ಉತ್ತರ ಗೊತ್ತಿತ್ತು, ಇಂಗ್ಲಿಷಿನ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಅರ್ಧ ಗಂಟೆ ಸುಮ್ಮನೆ ಕುಳಿತಳು. ಆಮೇಲೆ ಕನ್ನಡದಲ್ಲಿ ಬರೆಯತೊಡಗಿದವಳು ಬೆಲ್ ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ಮೂರನೆಯ ದಿನ ವಿಜ್ಞಾನದ ಶೀಲಾವತಿ ಟೀಚರ್ ಸ್ಟಾಫ್‌ರೂಮಿಗೆ ಕರೆದರು.

"ಒಂದು ಚಿತ್ರ ಬಿಟ್ರೆ ಎಲ್ಲ ಸರಿ ಉಂಟು ಭವಿತಾ."

"ಮಾರ್ಕ್ ಸಿಗ್ತದಾ ಟೀಚರ್?"

"ನನಗೆ ಹಾಕ್ಲಿಕ್ಕೆ ಆಗುದಿಲ್ಲ. ಸಿಸ್ಟರ್ ಹತ್ರ ಕೇಳಿ ನೋಡ್ತೇನೆ."

ಸಿಸ್ಟರ್ ಗದರಲಿಲ್ಲ. "ಈಗ ನಾವು ಕೊಟ್ರೆ ಹತ್ತನೆಯಲ್ಲಿ ಯಾರು ಕೊಡ್ತಾರೆ? ಮಗುವಿಗೇ ಮೋಸ ಆಗುದು" ಎಂದರು. ಪ್ರೋಗ್ರೆಸ್ ಕಾರ್ಡಿನಲ್ಲಿ ವಿಜ್ಞಾನದ ಎದುರು ಸೊನ್ನೆ ಬಂತು.

ಹೆತ್ತವರ ಸಭೆಗೆ ಬಂದ ಕುಕ್ಕಪ್ಪ ಆ ಕಾರ್ಡಿಗೆ ಮೆಲ್ಲಗೆ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಜಗಲಿಯಲ್ಲಿ ಭವಿತಾ ಅವರ ಅಂಗಿ ಹಿಡಿದುಕೊಂಡಳು.

"ನನ್ನನ್ನು ಕರ್ಕೊಂಡು ಹೋಗಪ್ಪ. ನಾನು ಊರಲ್ಲಿಯೇ ಕಲೀತೇನೆ."

"ನಾನು ಬ್ಯಾಂಕಿಗೆ ಹೋದ್ರೂ ಆಸ್ಪತ್ರೆಗೆ ಹೋದ್ರೂ ಇಂಗ್ಲಿಷಿನ ಕಾಗದ ಹಿಡ್ಕೊಂಡು ಇನ್ನೊಬ್ಬರ ಮುಖ ನೋಡುದು ಮಗಳೇ. ನಿನಗೆ ಅದು ಬೇಡ. ಸ್ವಲ್ಪ ತಡ್ಕೊ."

ಅವರು ಒಬ್ಬರೇ ಸುಳ್ಯದ ಬಸ್ಸು ಹತ್ತಿದರು. ಅಂದಿನಿಂದ ಭವಿತಾಳ ಮಾತು ಕಡಿಮೆಯಾಯಿತು. ತರಗತಿಯಲ್ಲಿ ಎಬ್ಬಿಸಿದರೆ ಬೆಂಚು ಹಿಡಿದು ನಿಂತಿರುತ್ತಿದ್ದಳು. ಜುಮಾನಾ ಪಾಠ ಹೇಳಿದರೆ ತಲೆಯಾಡಿಸುವಳು, ಅಷ್ಟೇ. ಡಿಸೆಂಬರ್ ಪರೀಕ್ಷೆಯಲ್ಲಿ ಹೆಸರು ಮಾತ್ರ ಬರೆದು ಪೇಪರ್ ಕೊಟ್ಟಳು. ಎಲ್ಲ ವಿಷಯಕ್ಕೂ ಹಾಗೆಯೇ. ಕನ್ನಡದ ಪೇಪರೂ ಖಾಲಿ.

ಅದನ್ನು ಕಂಡ ಶೀಲಾವತಿ ಟೀಚರ್ ಯಾರನ್ನೂ ಕೇಳಲು ಹೋಗಲಿಲ್ಲ, ಕುಕ್ಕಪ್ಪರಿಗೆ ಫೋನ್ ಮಾಡಿದರು. "ಮಗು ಬರೆಯುದನ್ನೇ ಬಿಟ್ಟಿದೆ. ದಯವಿಟ್ಟು ಬನ್ನಿ."

ಮರುದಿನ ಅವರು ಬಂದರು. ಮಗಳನ್ನು ಕಂಡು, "ಏನು ಕೊಂಡೋಗ್ಲಿಕ್ಕೆ ಉಂಟೋ ಕಟ್ಟು" ಎಂದರು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು. ಅವರು ದಾರಿಯುದ್ದಕ್ಕೂ ಅವಳ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಭವಿತಾ ಈಗ ಊರ ಹತ್ತಿರದ ಸರಕಾರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಬರೆಯುತ್ತಾಳೆ. ಮೊನ್ನೆಯ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಎಂಬತ್ತರಲ್ಲಿ ಎಪ್ಪತ್ತನಾಲ್ಕು ಬಂದಿದೆ. ಆದರೆ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಮುಂದೆ ವಿಜ್ಞಾನವೇ ತೆಗೆದುಕೊಳ್ಳಲಿ ಎಂದು ಅಲ್ಲಿನ ಮಾಸ್ತರರು ಹೇಳಿ ಕಳಿಸಿದ್ದರು. ತೆಗೆದುಕೊಳ್ಳುತ್ತೀಯಾ ಎಂದು ಕುಕ್ಕಪ್ಪ ಖುಷಿಯಿಂದ ಮಗಳನ್ನು ಕೇಳಿದರು.

"ಬೇಡಪ್ಪ," ಎಂದಳು ಭವಿತಾ. "ಪಿಯುಸಿಯಲ್ಲಿ ವಿಜ್ಞಾನ ಇಂಗ್ಲಿಷಿನಲ್ಲಿ ಮಾತ್ರ ಉಂಟು."

ಕುಕ್ಕಪ್ಪ ಮತ್ತೆ ಒತ್ತಾಯಿಸಲಿಲ್ಲ.