ಚಂದ್ರಿಯ ಗೆಜ್ಜೆಸರ

ಹುಲಗೂರಿನ ಉಡಚಪ್ಪ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನು. ಗೋವಾದ ಮದುವೆಯೊಂದಕ್ಕೆ ಹೊರಡಬೇಕಿತ್ತು. ಆರೋಗ್ಯದ ಸರ್ಟಿಫಿಕೇಟಿಗೆಂದು ಹೊಸ ಕುದುರೆಯನ್ನು ಶಿಗ್ಗಾಂವಿಯ ದನದ ದವಾಖಾನೆಗೆ ಹಿಡಿದುಕೊಂಡು ಬಂದಿದ್ದ. ಹೋದ ವರ್ಷ ಇದೇ ಕಾಗದಕ್ಕೆಂದು ತನ್ನ ಹಳೆಯ ಕುದುರೆ ಚಂದ್ರಿಯನ್ನು ತಂದಾಗ, ರಕ್ತ ಪರೀಕ್ಷೆಯಲ್ಲಿ ಗ್ಲಾಂಡರ್ಸ್ ಎಂಬ ಅಂಟುರೋಗ ಬಯಲಾಗಿತ್ತು. ಮೂಗು ಸೋರುತ್ತ, ಸೀನುತ್ತ ನಿಂತಿದ್ದ ಆ ಕುದುರೆಗೆ ಸೂಜಿ ಚುಚ್ಚಿ ಮಲಗಿಸಿ, ಸುಣ್ಣ ಸುರಿದು ಹೂತಿದ್ದರು. ಅಂದಿನಿಂದ ಉಡಚಪ್ಪ ಕಣ್ಣು ಮುಚ್ಚಿದರೆ ಸಾಕು, ಅದರ ಹೆಜ್ಜೆ ಸಪ್ಪಳ ಕೇಳುತ್ತಿತ್ತು.

"ಚಂದ್ರೀದು ಜೀನು, ಲಗಾಮು ಎಲ್ಲಾ ಸುಟ್ಟೀರಿ ಹೌದಿಲ್ರಿ?" ರಕ್ತ ತೆಗೆಯುತ್ತ ಡಾಕ್ಟರ್ ವಿಭಾ ಕೇಳಿದರು.

"ಒಂದೂ ಬಿಟ್ಟಿಲ್ರಿ ಬಾಯಾರ. ಎಲ್ಲಾ ಬೂದಿ ಆತು."

ಒಂದನ್ನು ಬಿಟ್ಟಿದ್ದ. ಮದುವೆ ಕುದುರೆಯ ಗೆಜ್ಜೆಸರ ಸುಟ್ಟರೆ ಅದು ಮೆರೆಸಿದ ಮದುವೆಗಳೆಲ್ಲ ಮುರಿಯುತ್ತವೆ ಎಂದು ಅವನ ಅವ್ವ ಹೇಳುತ್ತಿದ್ದಳು. ಆ ಸರ ಈಗ ಹೊಸ ಕುದುರೆಯ ಕೊರಳಲ್ಲಿತ್ತು.

"ಗೆಜ್ಜೆಸರ ಭಾಳ ಛಂದ ಅದ. ಹೊಸಾದೇನ್ರಿ?"

ಉಡಚಪ್ಪ ಸರದತ್ತ ಕೈ ಚಾಚಿದ. ಅಷ್ಟರಲ್ಲಿ ಗೆಜ್ಜೆಗಳು ಘಲ್ಲೆಂದವು. ಹೊಸ ಕುದುರೆ ತಲೆ ಕೊಡವಿ ಸೀನಿತು, ಥೇಟ್ ಚಂದ್ರಿಯ ಹಾಗೆ.