‘ಬಿಡ್ರಿ’ ಎಂಬ ಮಾತು ಹೊತ್ತು ಮೆಟ್ಟಿಲು ಹತ್ತಿದ್ದು

ಕೊರೊನಾ ಅಡಗಿದ ಮರುವರ್ಷ ನಾನು ನಮ್ಮ ಮಹಿಳಾ ಹಾಲು ಸಂಘಗಳ ಒಕ್ಕೂಟದ ಅಧ್ಯಕ್ಷೆಯಾಗಿದ್ದೆ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಲ್ಕು ತಾಲೂಕಿನ ಹೆಣ್ಣುಮಕ್ಕಳು ಹಾಕುವ ಹಾಲಿನ ಲೆಕ್ಕವೆಲ್ಲ ನಮ್ಮಲ್ಲಿತ್ತು. ನನಗೆ ಸಹಿ ಮಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಅಷ್ಟೇ. ಬಾಯಿ ಜೋರಿತ್ತೆಂದು ಅಧ್ಯಕ್ಷೆ ಮಾಡಿದರು. ಅದೇ ಬಾಯಿ ಮುಂದೆ ನನ್ನ ಮಾನ ಕಳೆಯಿತು.

ಶಿಗ್ಗಾಂವದಲ್ಲಿ ನಮ್ಮ ಆಫೀಸು. ಹಾಲು ಅಳೆಯುವ ಯಂತ್ರದಿಂದ ಜಿಡ್ಡಿನ ಫ್ಯಾಟು, ಗಟ್ಟಿತನದ ಡಿಗ್ರಿ ಎಲ್ಲ ಕಂಪ್ಯೂಟರಿಗೆ ಬರಲು ಒಂದು ಸಾಫ್ಟ್‌ವೇರ್ ಇತ್ತು. ಹಾಲು ಸರಿ ಇದ್ದರೆ ಪರದೆಯ ಮೇಲೆ ಹಸಿರು, ನೀರು ಬೆರೆತಿದ್ದರೆ ಕೆಂಪು. ಆ ಸಾಫ್ಟ್‌ವೇರ್ ಬರೆಯುವ ಹುಡುಗರು ಮಾಳಿಗೆಯ ಮೇಲೆ ಕೂಡುತ್ತಿದ್ದರು. ಅವರಿಗೆ ಮುಖ್ಯಸ್ಥ ಮಂಜುನಾಥ. ಅದನ್ನು ಊರೂರಿನ ಡೇರಿಗಳಲ್ಲಿ ದಿನಾ ನಡೆಸುವವರು, ಕೆಟ್ಟರೆ ರಿಪೇರಿ ಮಾಡುವವರು ಕೆಳಗೆ. ಅವರಿಗೆ ಸವಣೂರಿನ ಶಾಹಿದಾ ಮುಖ್ಯಸ್ಥೆ.

ಮೇಲಿನವರಿಗೂ ಕೆಳಗಿನವರಿಗೂ ಆಗುತ್ತಿರಲಿಲ್ಲ. ಏನಾದರೂ ಕೆಟ್ಟರೆ ಮೇಲಿನವರು ‘ನಮ್ಮಲ್ಲಿ ಛಲೋ ಓಡತೈತಿ’ ಎನ್ನುವುದು, ಕೆಳಗಿನವರು ‘ಬೈಸಿಕೊಳ್ಳೋರು ನಾವು’ ಎನ್ನುವುದು. ಜಗಳ ಬೇಡವೆಂದು ನಾನೇ ಒಂದು ಕಟ್ಟಳೆ ಹಾಕಿದೆ. ಯಾರೂ ಯಾರಿಗೂ ನೇರ ಮಾತಾಡಬಾರದು, ಏನಿದ್ದರೂ ನನ್ನ ಮುಖಾಂತರ ಆಗಬೇಕು. ಬಹಳ ಶಾಣ್ಯಾತನ ಮಾಡಿದೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಮಂಜುನಾಥ ಬಂದು, ಸಾಫ್ಟ್‌ವೇರಿನ ಹೊಸ ಆವೃತ್ತಿ ತಯಾರಾಗಿದೆ, ಎಲ್ಲ ಡೇರಿಗಳಿಗೂ ಬಿಡಲೇ ಎಂದು ಶಾಹಿದಾಳನ್ನು ಕೇಳಲು ಹೇಳಿದ. ನಾನು ಕೆಳಗೆ ಹೋದೆ. ಆಕೆ ಯಾವುದೋ ಯಂತ್ರ ಬಿಚ್ಚಿಕೊಂಡು, ಕಿವಿಗೆ ಫೋನು ಸಿಕ್ಕಿಸಿಕೊಂಡು ಕುಳಿತಿದ್ದಳು. ‘ಹೊಸಾದು ಬಿಡಲೇನು ಅಂತಾನ ಮಂಜ್ಯಾ’ ಎಂದೆ. ಆಕೆ ತಲೆ ಎತ್ತದೆ, ಕೈ ಬೀಸಿ, ‘ಬಿಡ್ರಿ ಅದನ್ನ’ ಎಂದಳು. ನಾನು ಮೇಲೆ ಹೋಗಿ ‘ಬಿಡ್ರಿ ಅಂದಾಳ’ ಎಂದೆ.

ನಮ್ಮ ಕಡೆ ಬಸ್ಸು ಬಿಡುತ್ತಾರೆ, ನೀರು ಬಿಡುತ್ತಾರೆ, ಆಕಳಿಗೆ ಕರು ಬಿಡುತ್ತಾರೆ. ಬೇಡವಾದ ಮಾತನ್ನೂ ‘ಬಿಡ್ರಿ ಅತ್ತಾಗ’ ಎನ್ನುತ್ತಾರೆ. ಯಾವ ‘ಬಿಡ್ರಿ’ ಎಂಬುದು ಹೇಳುವವರ ಮಾರಿ ನೋಡಿದರೆ ತಿಳಿಯುತ್ತದೆ. ನಾನು ಮಾತನ್ನಷ್ಟೇ ಮೇಲೆ ಒಯ್ದೆ. ತಿರುಗಿ ಕೇಳಬಹುದಿತ್ತು. ಅಧ್ಯಕ್ಷೆಯಾದವಳು ಎರಡೆರಡು ಸಲ ಕೇಳುವುದೇನು ಎಂಬ ಸೊಕ್ಕು.

ಮರುದಿನ ಮುಂಜಾನೆ ನನ್ನ ಊರು ಹತ್ತಿಮತ್ತೂರಿನ ಡೇರಿಗೆ ಹೋದೆ. ಮೊದಲು ಬಂದವೆಲ್ಲ ಎಮ್ಮೆಯ ಹಾಲು, ಎಲ್ಲಕ್ಕೂ ಹಸಿರು. ಆಮೇಲೆ ನೀಲವ್ವ ತನ್ನ ಆಕಳ ಹಾಲು ಸುರಿದಳು. ಪರದೆ ಕೆಂಪಾಯಿತು. ಆಕೆಯ ಮಗಳಿಗೆ ಆಗಷ್ಟೇ ಅದೇ ಊರಲ್ಲಿ ಗಂಡು ಗೊತ್ತಾಗಿತ್ತು. ಹೊಸ ಬೀಗತಿ ಅದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.

‘ನೀರ ಹಾಕಿ ತಂದಿಯಲ್ಲಬೆ, ಕಳ್ಳಿ. ಬೀಗರಿಗೂ ಇದನ್ನ ಕುಡಸ್ತಿಯೇನು?’

ಒಬ್ಬಿಬ್ಬರು ನಕ್ಕರು. ನೀಲವ್ವ, ‘ಬಾಯಿ ಸಂಭಾಳಿಸಿ ಮಾತಾಡ್ರಿ’ ಎಂದಳು. ಉಳಿದ ಹಾಲನ್ನು ನನ್ನ ಕಾಲ ಬಳಿ ಚೆಲ್ಲಿ, ಖಾಲಿ ಕ್ಯಾನು ಹಿಡಿದು ನಡೆದಳು. ಹುಟ್ಟಿದಾಗಿನಿಂದ ದನದ ಜೊತೆ ಬಾಳಿದವಳು ನಾನು. ಕಾಲಿಗೆ ಸಿಡಿದ ಆ ಹಾಲನ್ನು ಬಗ್ಗಿ ಬೆರಳಿಗೆ ಹಚ್ಚಿ ನೋಡಿದ್ದರೆ ಸಾಕಿತ್ತು. ಪರದೆ ನೋಡಿದೆ.

ಸಾಲಿನಲ್ಲಿ ಮುಂದಿನವಳು ನನ್ನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಗಂಗವ್ವ. ಆಕೆಯದೂ ಆಕಳ ಹಾಲು. ಅದಕ್ಕೂ ಕೆಂಪು. ಅವಳ ಮನೆ, ನನ್ನ ಮನೆ ಒಂದೇ ಗೋಡೆ. ಆ ಆಕಳನ್ನು ಅಂದು ಹಿಂಡುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ.

‘ಯಾಕ, ಬಾಯಿ ಕಟ್ತೇನು? ನನಗೂ ಅನ್ನು ಈಗ’ ಎಂದಳು ಗಂಗವ್ವ.

ಆಫೀಸಿಗೆ ಫೋನು ಹಚ್ಚಿದೆ. ಆಗ ತಿಳಿಯಿತು. ಮೊದಲು ಹಾಲು ಆಕಳದೋ ಎಮ್ಮೆಯದೋ ಎಂದು ನಾವೇ ಗುಂಡಿ ಒತ್ತುತ್ತಿದ್ದೆವು. ಹೊಸ ಆವೃತ್ತಿಯಲ್ಲಿ ಅದನ್ನು ಯಂತ್ರವೇ ಹೇಳಬೇಕು. ಹಳೆಯ ಯಂತ್ರಗಳು ಹೇಳುವುದಿಲ್ಲ. ಹೇಳದಿದ್ದರೆ ಎಲ್ಲವೂ ಎಮ್ಮೆಯ ಹಾಲೆಂದೇ ಲೆಕ್ಕ. ತೆಳ್ಳಗಿನ ಆಕಳ ಹಾಲು ಅದಕ್ಕೆ ನೀರಾಗಿ ಕಂಡಿತ್ತು. ಮಾಳಿಗೆಯವರ ಬಳಿ ಹೊಸ ಯಂತ್ರವೊಂದೇ ಇತ್ತು, ಅದರ ಮೇಲಷ್ಟೇ ನೋಡಿದ್ದರು. ಹಳೆಯವು ಎಲ್ಲೆಲ್ಲಿವೆ ಎಂಬುದು ಶಾಹಿದಾಗೆ ಗೊತ್ತಿತ್ತು. ‘ಅದಕ್ಕ ಬಿಡ್ರಿ ಅಂದಿದ್ದೆ, ಬ್ಯಾಡ ಅಂತ’ ಎಂದಳು ಆಕೆ. ‘ಅವ್ವಾರ, ಬಿಡ್ರಿ ಅಂತ ನೀವ ಹೇಳಿದ್ರಲ್ಲ’ ಎಂದ ಮಂಜುನಾಥ.

ಹಳೆಯ ಆವೃತ್ತಿಗೆ ಮರಳುವುದಕ್ಕೆ ರೋಲ್‌ಬ್ಯಾಕ್ ಎನ್ನುತ್ತಾರೆ. ಹಳೆಯ ಆವೃತ್ತಿ ಇದ್ದದ್ದು ಮೇಲಿನವರ ಬಳಿ, ಸರ್ವರಿನ ಪಾಸ್‌ವರ್ಡು ಕೆಳಗಿನವರ ಬಳಿ. ನನ್ನ ಕಟ್ಟಳೆಗೆ ಅಂಜಿ ಇಬ್ಬರೂ ಬೇರೆ ಬೇರೆ ನನಗೇ ಫೋನು ಮಾಡುತ್ತಿದ್ದರು. ಇವನು ಹೇಳಿದ್ದು ಅವಳಿಗೆ, ಅವಳು ಹೇಳಿದ್ದು ಇವನಿಗೆ, ಅರ್ಥವಾಗದ ಇಂಗ್ಲಿಷು ಶಬ್ದಗಳನ್ನು ನಾನು ಸಾಗಿಸುತ್ತ ನಿಂತೆ. ಹೊತ್ತೇರಿತು. ಕೊನೆಗೆ, ‘ನಿಮ್ಮ ಕಾಲ ಬೀಳ್ತೇನಿ, ನೀವ ಮಾತಾಡ್ಕೊಳ್ರಿ’ ಎಂದೆ. ಅವರು ಮಾತಾಡಿದ ಮೇಲೆ ನಾನು ಒಂದು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಾನಗಲ್ಲ, ಹಿರೇಕೆರೂರ ಕಡೆಯೂ ಅಂದು ಹಾಲು ಕೆಂಪಾಗಿತ್ತು. ಅಲ್ಲಿಯವರು ಯಾಕೆ ಹೀಗೆ ಎಂದು ಫೋನು ಮಾಡಿ ಕೇಳಿದ್ದರು. ಕಳ್ಳಿ ಎಂದವಳು ನಾನೊಬ್ಬಳೇ.

ಸಂಜೆ ನೀಲವ್ವನ ಮನೆಗೆ ಹೋದೆ. ಕುಂತ್ರಿ ಎನ್ನಲಿಲ್ಲ. ಯಂತ್ರದ ತಪ್ಪು, ಸಾಫ್ಟ್‌ವೇರಿನ ತಪ್ಪು ಎಂದು ನಾನು ಹೇಳುತ್ತಾ ಹೋದೆ. ಪೂರಾ ಕೇಳಿದಳು.

‘ಯಂತ್ರ ಬರೇ ಕೆಂಪು ತೋರಿಸ್ತು. ಕಳ್ಳಿ ಅಂದದ್ದು ಯಾರು?’ ಎಂದಳು. ಆಮೇಲೆ, ‘ಬೀಗರು ಏನೂ ಅನ್ನಲಿಲ್ರಿ. ಅದ ನನಗ ಸುಡಾಕತ್ತೈತಿ’ ಎಂದಳು.

ಮರುದಿನ ಮುಂಜಾನೆ ಅದೇ ಸಾಲಿನ ಮುಂದೆ, ಬೀಗತಿಯ ಎದುರಿಗೇ, ನಾನು ಸುಳ್ಳು ಆಡಿದೆ, ನೀಲವ್ವನ ಹಾಲು ಚೊಕ್ಕ ಎಂದು ಹೇಳಿದೆ. ಯಂತ್ರದ ಹೆಸರು ಎತ್ತಲಿಲ್ಲ. ಮದುವೆ ಮುರಿಯಲಿಲ್ಲ, ಅದು ಆ ಬೀಗತಿಯ ದೊಡ್ಡತನ.

ಆ ವಾರವೇ ಮೇಲಿನ ಮೇಜುಗಳನ್ನು ಕೆಳಗೆ ಇಳಿಸಿದೆವು. ಬರೆಯುವವನು ತಿಂಗಳಿಗೊಮ್ಮೆ ಡೇರಿಗೆ ಹೋಗಿ ಹಾಲು ಅಳೆಯಬೇಕು. ನಡೆಸುವವಳು ಬರೆಯುವಾಗಲೇ ಪಕ್ಕದಲ್ಲಿ ಕೂಡಬೇಕು. ಹೊಸದು ಮೊದಲು ಹಳೆಯ ಯಂತ್ರದ ಒಂದೇ ಡೇರಿಗೆ ಹೋಗಬೇಕು, ಅಲ್ಲಿ ನೆಟ್ಟಗಿದ್ದರೆ ಉಳಿದವಕ್ಕೆ. ಹುಬ್ಬಳ್ಳಿಯಿಂದ ಬಂದ ತರಬೇತಿಯವರು ಇದಕ್ಕೆ ಡೆವ್‌ಆಪ್ಸ್ ಎಂಬ ಹೆಸರಿದೆ ಎಂದರು. ನನಗೆ ತಿಳಿದದ್ದು ಇಷ್ಟು: ಅಡಿಗೆ ಮಾಡುವವರೂ ಬಡಿಸುವವರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ನಡುವೆ ನಿಂತು ಮಾತು ಸಾಗಿಸುವ ದೊಡ್ಡವರು ಇರಬಾರದು.

ನೀಲವ್ವ ಈಗಲೂ ಅದೇ ಡೇರಿಗೆ ಹಾಲು ಹಾಕುತ್ತಾಳೆ. ಎದುರಾದರೆ ಮಾತಾಡಿಸುತ್ತಾಳೆ, ಮುಖ ತಿರುಗಿಸುವುದಿಲ್ಲ. ಮೊದಲು ನನಗೆ ಅಕ್ಕಾ ಎನ್ನುತ್ತಿದ್ದಳು. ಈಗ ಅಧ್ಯಕ್ಷರೇ ಎನ್ನುತ್ತಾಳೆ. ನಾನು ಆ ಕುರ್ಚಿ ಬಿಟ್ಟ ಮೇಲೂ ಹಾಗೇ ಎನ್ನುತ್ತಾಳೆ.