ಮಾವ ನೋಡದೆ ಬಿಟ್ಟದ್ದು

ಹೋದ ವರ್ಷದ ಶ್ರಾವಣ. ನಾನು ಮದುವೆಯಾಗಿ ಇಳಕಲ್ಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅತ್ತೆ, ಮಾವ, ಕಾಲೇಜಿಗೆ ಹೋಗುವ ಮೈದುನ ಸಂಗಮೇಶ, ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ. ಎಲ್ಲರ ಫೋನಿಗೂ ಒಂದೇ ವೈಫೈ.

ಒಂದು ದಿನ ಮಾವನ ಫೋನಿಗೆ ಇಂಟರ್ನೆಟ್ ಕಂಪನಿಯಿಂದ ಮೆಸೇಜ್ ಬಂತು. ನಿಮ್ಮ ಕನೆಕ್ಷನ್‌ನಿಂದ ಸಿನಿಮಾಗಳನ್ನು ಕದ್ದು ಹಂಚಲಾಗುತ್ತಿದೆ, ನಿಲ್ಲಿಸದಿದ್ದರೆ ಲೈನ್ ಕಡಿಯುತ್ತೇವೆ ಎಂದಿತ್ತು. ಮಾವ ಗಾಬರಿಯಾಗಿ, ವೈಫೈ ಹಾಕಿಕೊಟ್ಟವನನ್ನೇ ಮನೆಗೆ ಕರೆಸಿದರು.

ನಾನು ಚಹಾ ತೆಗೆದುಕೊಂಡು ಪಡಸಾಲೆಗೆ ಬಂದಾಗ ಅವನು ಲ್ಯಾಪ್‌ಟಾಪ್ ತೆರೆದು ಕೂತಿದ್ದ.

“ಯಾವ ಫೋನಿನಾಗ ಯಾವ ಸೈಟ್ ನೋಡ್ಯಾರ ಅಂತ ಎಲ್ಲಾ ಇದರಾಗ ಸಿಗ್ತದರಿ ಕಾಕಾ. ತೆಗೀಲೇನ್ರಿ?”

ಚಹಾದ ತಟ್ಟೆ ಹಿಡಿದು ನಾನು ಬಾಗಿಲಲ್ಲೇ ನಿಂತೆ. ಎದೆಯಲ್ಲಿ ಸಣ್ಣ ಗಂಟೊಂದು ಕೈಗೆ ಹತ್ತಿ ಕೆಲವು ವಾರಗಳಾಗಿದ್ದವು. ಗಂಡನಿಗೂ ಹೇಳಿರಲಿಲ್ಲ. ಸಮಯ ಸಿಕ್ಕಾಗಲೆಲ್ಲ ಫೋನಿನಲ್ಲಿ ಕ್ಯಾನ್ಸರ್ ಬಗ್ಗೆ ಓದುವುದು, ಹಿತ್ತಲಿಗೆ ಹೋಗಿ ಅಳುವುದು, ಇಷ್ಟೇ ಮಾಡುತ್ತಿದ್ದೆ.

ಮಾವ ಕೈ ಅಡ್ಡ ಹಿಡಿದರು. “ಬ್ಯಾಡಪಾ. ಮನಿ ಮಂದಿ ಏನ್ ನೋಡ್ತಾರ ಅನ್ನೂದು ಅವರವರಿಗೆ ಬಿಟ್ಟಿದ್ದು. ಕೇಳಿದ್ರ ಹೇಳ್ತಾರ.”

“ಲೈನ್ ಕಟ್ ಆದ್ರ ನನಗ ಅನಬ್ಯಾಡ್ರಿ ಮತ್ತ.”

“ಆದ್ರ ಆಗಲಿ. ನೀ ಚಹಾ ಕುಡಿ.”

ಊಟಕ್ಕೆ ಕೂತಾಗ ಮಾವ ಮೆಸೇಜಿನ ವಿಷಯ ತೆಗೆದರು. ಎಲ್ಲರೂ ಸಂಗಮೇಶನ ಮುಖ ನೋಡಿದೆವು. “ನಾ ಅಲ್ಲಪಾ” ಎಂದ ಅವನು. ರೊಟ್ಟಿ ಹಾಕುತ್ತಿದ್ದ ಅತ್ತೆ ಮೆಲ್ಲಗೆ, “ನಂದಽ ಇರಬೇಕು ನೋಡ್ರಿ” ಎಂದರು. ಹಳೇ ಸಿನಿಮಾ ಪುಕ್ಕಟೆ ಸಿಗುತ್ತವೆಂದು ಓಣಿಯ ಗೆಳತಿಯೊಬ್ಬರು ಅವರ ಫೋನಿಗೆ ಯಾವುದೋ ಆ್ಯಪ್ ಹಾಕಿಕೊಟ್ಟಿದ್ದರು. ಇಳಿಸಿಕೊಂಡ ಸಿನಿಮಾವನ್ನು ಅದು ತಾನಾಗಿಯೇ ಬೇರೆಯವರಿಗೂ ಕಳಿಸುತ್ತಿತ್ತಂತೆ. ಸಂಗಮೇಶ ಅಲ್ಲೇ ಅದನ್ನು ತೆಗೆದುಹಾಕಿದ.

“ನಮ್ಮಾಕಿ ಮನ್ಯಾಗ ಕುಂತು ಊರಿಗೆಲ್ಲಾ ಟಾಕೀಜ ನಡಸ್ಯಾಳ” ಎಂದು ಮಾವ ನಕ್ಕರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಬ್ಬರೂ ಬೈಯಲಿಲ್ಲ.

ಆ ನಗು ಕೇಳಿಯೇ ನನಗೆ ಧೈರ್ಯ ಬಂದದ್ದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು ಒದ್ದೆ ಕೈಯಲ್ಲೇ ನನ್ನ ಗಲ್ಲ ಹಿಡಿದು, “ಹುಚ್ಚಿ, ಇಷ್ಟ್ ದಿನಾ ಒಬ್ಬಾಕೀನ ಹೆಂಗ ತಡಕೊಂಡಿ?” ಎಂದರು. ಗಂಡನಿಗೂ ಅವರೇ ಕೂತು ತಿಳಿಸಿ ಹೇಳಿದರು.

ಮರುದಿನ ಬೆಳಿಗ್ಗೆ ಅತ್ತೆ, ನಾನು ಇಬ್ಬರೂ ಬಾಗಲಕೋಟೆಯ ದವಾಖಾನೆಗೆ ಹೊರಟೆವು. “ಯಾಕ” ಎಂದು ಮಾವ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದುಕೊಟ್ಟು ಹೋದರು.

ತಪಾಸಣೆಯಾಯಿತು. ಅದು ಅಪಾಯದ ಗಂಟಲ್ಲ ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಅತ್ತೆ ನನಗಿಂತ ಮೊದಲು ಅತ್ತರು.

ಅಂದು ಮಾವ “ತೆಗಿ” ಎಂದಿದ್ದರೂ ನನ್ನ ಗಂಟಿನ ವಿಷಯ ಹೇಗೋ ಹೊರಬೀಳುತ್ತಿತ್ತು. ಆದರೆ ಪರರ ಮುಂದೆ ತಲೆ ತಗ್ಗಿಸಿ ನಿಂತ ಸೊಸೆ ಮುಂದೆ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ನೋಡುವ ದಾರಿ ಇದ್ದೂ ನೋಡದೆ ಬಿಟ್ಟರಲ್ಲ, ಆ ಕ್ಷಣದಿಂದಲೇ ಅದು ನನ್ನ ಮನೆಯೂ ಆಯಿತು ಅನ್ನಿಸುತ್ತದೆ.